ಕಿವಿಯ ಅಳತೆ

ಚಪ್ಪಲಿಗೆ ಅಳತೆ ಇದೆ, ಬಳೆಗೆ ಇದೆ,
ಕಿವಿಯ ತೂತಿಗೂ ಇದೆಯೆಂದು
ಇಪ್ಪತ್ತೆರಡು ವರ್ಷ ಯಾರೂ ನನಗೆ ಹೇಳಿರಲಿಲ್ಲ.
ಸಂತೆಪೇಟೆಯ ಇಮ್ದಾದ್ ಹೇಳಿದ,
ಗಾಜಿನ ಮೇಲೆ ಮೂರು ಜೊತೆ ರಬ್ಬರ್ ಟೋಪಿ ಸಾಲಾಗಿಟ್ಟು:
ಸಣ್ಣದು, ನಡುವಿನದು, ದೊಡ್ಡದು.

ಪರ್ಸಿನಲ್ಲಿ ಏಳುನೂರು ರೂಪಾಯಿ,
ಊದುಬತ್ತಿ ಪ್ಯಾಕಿಂಗಿನ ಓಟಿ ದುಡ್ಡು,
ನೋಟಿಗೂ ಹತ್ತಿಕೊಂಡ ಗಂಧದ ಘಾಟು.
ಕೆಳಗಿನ ಪೆಟ್ಟು ಜೋರಾಗಿರಬೇಕು ಅಂದೆ. ಬೇಸು.
"ಎಲ್ಲರೂ ಅದನ್ನೇ ಕೇಳೋದು," ಅಂದ,
"ಎಲ್ಲ ಡಬ್ಬದ ಮೇಲೂ ಅದೇ ಬರೆದಿರೋದು."

ಬೇಸು ಅಂದರೆ ಏನೆಂದು ಅವನಿಗೆ ಹೇಗೆ ಹೇಳಲಿ.
ನಮ್ಮಪ್ಪ ಚೌರಪ್ಪ, ಮದುವೆ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು.
ಮುಂದೆ ಟ್ರಂಪೆಟ್ಟು, ಕ್ಲಾರಿನೆಟ್ಟು, ಕುದುರೆ, ಪಟಾಕಿ,
ಯಾರ ಮನೆಯ ಆಲ್ಬಮ್ಮಿನಲ್ಲೂ ಅವರೆಲ್ಲ ಇದ್ದಾರೆ.
ಕೊನೇ ಸಾಲಲ್ಲಿ, ಜನರೇಟರ್ ಗಾಡಿಯ ಪಕ್ಕ,
ಹೊಟ್ಟೆಯ ಮೇಲೆ ಡ್ರಮ್ಮು ಹೊತ್ತವನಿಗೆ
ಎರಡು ಕೈ ಇವೆ, ಮುಖ ಇಲ್ಲ.
ನಾನು ನಿದ್ದೆ ಕಲಿತದ್ದು ಆ ಚರ್ಮದ ಪಕ್ಕ.
ಅವನು ಅಭ್ಯಾಸಕ್ಕೆ ಕೂತರೆ ಅಡಿಗೆಮನೆಯ ಲೋಟಗಳು
ಒಂದಕ್ಕೊಂದು ಚಾಡಿ ಹೇಳುತ್ತಿದ್ದವು.
ಪೆಟ್ಟು ಕಿವಿಗೆ ಬರುವ ಮೊದಲೇ
ಹೊಕ್ಕುಳಿಗೆ ಬಂದಿರುತ್ತಿತ್ತು.

ಮೊದಲನೆಯದು, ಮುನ್ನೂರ ಐವತ್ತು:
ಬರೀ ಚುಂಯ್ ಚುಂಯ್. ಒಗ್ಗರಣೆ ಇದೆ, ಸಾರಿಲ್ಲ.
ಎರಡನೆಯದು ಐನೂರ ತೊಂಬತ್ತೊಂಬತ್ತು, ಕೆಂಪು ವೈರು:
ಪೆಟ್ಟೇನೋ ಇದೆ, ಮುದ್ದೆಗೆ ನೀರು ಹೆಚ್ಚಾದ ಹಾಗೆ,
ಹಾಡುವವಳು ಅದರೊಳಗೆ ಬಿದ್ದು
ಕೈ ಆಡಿಸುತ್ತಿದ್ದಾಳೆ.
ಮೂರನೆಯದು ಆರುನೂರ ನಲವತ್ತು.
ಕಪ್ಪು. ನೋಡೋಕೆ ಏನೂ ಇಲ್ಲ.
ಬಲಗಿವಿಯಲ್ಲಿ ಅಪ್ಪ.
ಎಡಗಿವಿಯಲ್ಲಿ ಯಾರೂ ಇಲ್ಲ.

ಎಡಗಡೆದು ಕೆಟ್ಟಿದೆ ಅಂದೆ.
ಇಮ್ದಾದ್ ನಗಲಿಲ್ಲ. ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿ
ಎಡಕ್ಕೆ ಮಾತ್ರ ಸಣ್ಣ ಟೋಪಿ ತೊಡಿಸಿದ.
"ನಿಮ್ಮ ಎರಡು ಕಿವಿ ಒಂದೇ ಅಲ್ಲ ಅಕ್ಕಾ.
ಕೂದಲೆಳೆ ಸಂದಿ ಇದ್ದರೂ
ಮೊದಲು ಮನೆ ಬಿಟ್ಟು ಓಡೋದು ಬೇಸು.
ಬಾಯಿ ತೆರೀರಿ, ಕಿವಿ ಮೇಲಕ್ಕೆಳೀರಿ, ಈಗ ಒತ್ತಿ."
ಪೋಲಿಯೋ ಹನಿಗೆ ನಿಂತ ಮಗುವಿನಂತೆ
ನಡುಬೀದಿಗೆ ಬಾಯಿ ತೆರೆದು ನಿಂತೆ.

ಆಮೇಲೆ ಬೀದಿ ಆರಿಹೋಯಿತು.
ಆಟೋ, ತಕರಾರು, ಬಾಳೆಹಣ್ಣಿನವಳ ಕೂಗು.
ಹಿಂದಿನ ಸಾಲಿನವನು
ಮುಂದಕ್ಕೆ ಬಂದ.

ಜಸಿಂತಾ ಅಂದದ್ದನ್ನು ವಸಂತಾ ಎಂದು ಬರೆದುಕೊಂಡ.
ತಿದ್ದಲಿಲ್ಲ. ಈಗ ವಸಂತಾಳಿಗೆ
ಆರು ತಿಂಗಳ ವಾರಂಟಿ.

ರಾತ್ರಿ ಅಪ್ಪನ ಕಿವಿಗೆ ದೊಡ್ಡ ಟೋಪಿ ಹಾಕಿ ಕೇಳಿಸಿದೆ.
ತಲೆ ಆಡಿಸಲಿಲ್ಲ, ಕಾಲೂ ಇಲ್ಲ.
"ಹೊಡೀತಿರೋನು ಯಾರು?"
ಯಾರೂ ಇಲ್ಲಪ್ಪ, ಕಂಪ್ಯೂಟರು.
"ಅದಕ್ಕೇ. ಇಷ್ಟೊತ್ತಾದರೂ ಅವನಿಗೆ ಭುಜ ನೋಯ್ತಿಲ್ಲ."

ಮತ್ತೆ ಡ್ರಮ್ಮು ಮಲಗಿಸಿ, ಮೇಲೊಂದು ಹಿಡಿ ರಾಗಿ ಚೆಲ್ಲಿದ,
ಚರ್ಮದ ಬಿಗಿ ನೋಡಲು ಅವನದೇ ಹಳೆಯ ಪರೀಕ್ಷೆ.
ನನ್ನ ಕಪ್ಪು ಗುಂಡಿಗಳನ್ನು ನಡುವೆ ಇಟ್ಟ.
ವಾಲ್ಯೂಮು ಪೂರ್ತಿ.
ಒಂದು ಕಾಳೂ ಕದಲಲಿಲ್ಲ.
"ನೋಡು" ಅಂದ, ಕೋರ್ಟಿನಲ್ಲಿ ಗೆದ್ದವನ ಹಾಗೆ,
ಒಂದೇ ಒಂದು ಸಲ ಬೆರಳಿಂದ ತಟ್ಟಿದ.
ರಾಗಿಯೆಲ್ಲ ನೆಲಕ್ಕೆ.

ಅವನು ಗುಡಿಸುತ್ತಿದ್ದಾಗ ನಾನು ಮಲಗಿದೆ,
ಎಡಕ್ಕೆ ಸಣ್ಣದು, ಬಲಕ್ಕೆ ನಡುವಿನದು.
ಲೋಟಗಳು ಸುಮ್ಮನಿದ್ದವು.
ಹೊಕ್ಕುಳ ತನಕ ಬರಲಿಲ್ಲ, ನಿಜ.
ಗಂಟಲ ತನಕ ಬಂತು.
ಆರುನೂರ ನಲವತ್ತಕ್ಕೆ ಅಷ್ಟು.