ಮಂಡಿ

ಅತ್ತೆಯ ಮಂಡಿ ಹೋದದ್ದು ಎರಡು ಸಲ.
ಮೊದಲನೆಯದು ಮಂಡ್ಯದ ಬೆಲ್ಲದ ಮಂಡಿ.
ತಾತ ಸತ್ತ ವರ್ಷವೇ ಗಂಡುಮಕ್ಕಳು ಮೂವರೂ ಕೂಡಿ
ತಕ್ಕಡಿ, ತೂಕದ ಕಲ್ಲು, ಬೋರ್ಡು ಸಮೇತ ಮಾರಿದರು.
ಎರಡನೆಯದು ಈಚೆಗೆ, ಎಡಗಾಲಿನದು.
ಡಾಕ್ಟರು ಎಕ್ಸ್‌ರೇ ಕಿಟಕಿಗೆ ಹಿಡಿದು
"ಸವೆದಿದೆಯಮ್ಮ, ಇನ್ನು ನೆಲಕ್ಕೆ ಕೂರಬೇಡಿ" ಅಂದರು.

ನೆಲಕ್ಕೆ ಕೂರದೆ
ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದು ಹೇಗೆ?

ಹಲಸಿನ ಪೆಟ್ಟಿಗೆ. ಇಳಿಜಾರು ಮುಚ್ಚಳ,
ಮೂಲೆಗೆ ಹಿತ್ತಾಳೆ, ನೆತ್ತಿಯಲ್ಲಿ ಕಾಸಿನ ಕಂಡಿ.
ತಾತನ ಬಲಗೈ ಬಿದ್ದುಹೋದಾಗ
ಹನ್ನೆರಡರ ಚಿಕ್ಕತಾಯಿಯನ್ನು ಅದರ ಮುಂದೆ ಕೂರಿಸಿದ್ದರಂತೆ,
ಒಂದು ವಾರದ ಮಟ್ಟಿಗೆ.
ಆ ವಾರ ಇಪ್ಪತ್ತೆರಡು ವರ್ಷ ನಡೆಯಿತು.
ಅಚ್ಚು, ಉಂಡೆ, ಕುರಿಕಾಲಚ್ಚು,
ಯಾವ ಆಲೆಮನೆಯ ಪಾಕ ಎಷ್ಟು ಹೊತ್ತು ಬೆಂದಿದೆ ಅಂತ
ಉಗುರಲ್ಲಿ ಗೀರಿ ಹೇಳುತ್ತಿದ್ದಳು.
ಪಾಲಾಗುವ ದಿನ ಪೆಟ್ಟಿಗೆ ಯಾರಿಗೂ ಬೇಡವಾಗಿ
ಅವಳ ಪಾಲಿಗೆ ಬಂತು.
ಈಗ ಅದರಲ್ಲಿ ಬೀದಿಯ ಹೆಂಗಸರ ಸೋಮವಾರದ ಚೀಟಿ.

ಮಾರಿದವರ ಮಕ್ಕಳು ನಾವು, ಏಳು ಜನ,
ದುಡ್ಡು ಹಾಕಿದೆವು. ಯಾಕೆ ಅಂತ
ಯಾರೂ ಬಾಯಿಬಿಟ್ಟು ಆಡಲಿಲ್ಲ.
ಪಾಲಿಷ್ ಮಾಡಿಸ್ತೀವಿ ಅಂತ ಸುಳ್ಳು ಹೇಳಿ
ಪೆಟ್ಟಿಗೆಯನ್ನು ಸ್ಕೂಟರಿನ ಮುಂದಿಟ್ಟುಕೊಂಡು
ಗುತ್ತಲು ರಸ್ತೆಯ ನಿಂಗಾಚಾರಿಯ ಬಳಿ ಒಯ್ದೆ.
ಅವಳು ಅವರೆಕಾಯಿ ಸುಲಿಯುವಾಗ
ಟೇಪು ಹಿಡಿದು ಮೊಣಕೈಯಿಂದ ನೆಲಕ್ಕೆ ಅಳೆದೆ.
"ರವಿಕೆ ಹೊಲಿಸೀಯೇನ್ಲಾ?" ಅಂದಳು.

ನಿಂಗಾಚಾರಿ ಮೂಲೆಮಟ್ಟ ಇಟ್ಟು ನೋಡಿ
"ಮೂರು ನೂಲು ಓರೆ" ಅಂದ.
"ಕೀಸಿ ಸರಿಮಾಡಿ" ಅಂದೆ.
ತಾತನ ಹಲ್ಲಿಗೆ ಅರ ಹಾಕು ಅಂದೆನೇನೋ ಎಂಬಂತೆ ನೋಡಿದ.
"ಹಳೇದ್ರಲ್ಲಿ ತೆಗ್ಯಕ್ಕೆ ಮರ ಎಲ್ಲೈತೆ ಸಾಮಿ?
ಹೊಸದನ್ನೇ ವಸಿ ಓರೆ ಮಾಡುವ."
ಹಾಗೆ, ತೇಗದ ನಾಲ್ಕು ಕಾಲು, ಹೊನ್ನೆಯ ಚೌಕಟ್ಟು,
ಬಲಕ್ಕೆ ಕನ್ನಡಕ ಇಡಲು ತಗ್ಗು,
ಎಲ್ಲವೂ ಮೂರು ನೂಲು ಓರೆಯಾಗಿ
ಎರಡು ತಿಂಗಳಲ್ಲಿ ಎದ್ದು ನಿಂತವು.
ಅಷ್ಟು ದಿನ ಚೀಟಿಯ ದುಡ್ಡು ಬಿಸ್ಕತ್ತಿನ ಡಬ್ಬದಲ್ಲಿ;
ಅತ್ತೆಗೆ ನಿದ್ದೆ ಬರುತ್ತಿರಲಿಲ್ಲ.

ಕೊಟ್ಟ ದಿನ ಕುರ್ಚಿಯಲ್ಲಿ ಕೂತಳು.
ಮೊಣಕೈ ಸರಿಯಾಗಿ ಮುಚ್ಚಳಕ್ಕೆ ಬಂತು.
ಪೂರ್ಣಿಮಾ ಫೋಟೋ ತೆಗೆದಳು.
ಅತ್ತೆಯ ಎಡಗೈ ಮಾತ್ರ
ಪೆಟ್ಟಿಗೆಯ ಎಡಪಕ್ಕೆಯನ್ನು ಸವರಿತು, ತಡವಿತು,
ಹೊಸ ಹೊನ್ನೆಗೆ ತಾಗಿ ನಿಂತಿತು.
"ಇಲ್ಲೊಂದು ಹಲಗೆ ಜಾರ್ತಿತ್ತು."

ಎರಡು ತಿಂಗಳು ನೂಲು ನೂಲಾಗಿ ಅಳೆದ ನಮಗೆ
ಆ ಕಳ್ಳಖಾನೆ ಕಂಡಿರಲಿಲ್ಲ.
ಕಂಡಿದ್ದು ಅದರ ಬಾಯಿಗೆ ನಾವು ಜಡಿದ ಚೌಕಟ್ಟು.
"ಏನಿತ್ತತ್ತೆ ಒಳಗೆ?"
"ಏನೋ ಇತ್ತು. ಇರಲಿ ಬುಡು, ಚೆನ್ನಾಗೈತೆ."

ಸಂಜೆಗೇ ನಿಂಗಾಚಾರಿ ಉಳಿ ಹಿಡಿದು ಬಂದ.
ತಾನೇ ಮೆರುಗು ಕೊಟ್ಟ ಹೊನ್ನೆಯಲ್ಲಿ
ಎರಡು ಬೆರಳು ಹೋಗುವಷ್ಟು ಕಚ್ಚು ಕೊರೆದ.
ಕೂಲಿ ಮುಟ್ಟಲಿಲ್ಲ.
ಅತ್ತೆ ನಮ್ಮನ್ನೆಲ್ಲ ಕಾಫಿಗೆ ಅಡುಗೆಮನೆಗೆ ಅಟ್ಟಿ
ಬಾಗಿಲು ಮುಂದೆ ಮಾಡಿಕೊಂಡಳು.

ಬೆಳಿಗ್ಗೆ ನೋಡಿದೆ:
ತೇಗದ ಕಾಲು ಹತ್ತಿ, ಚೌಕಟ್ಟು ಬಳಸಿ,
ಕಚ್ಚಿನೊಳಕ್ಕೆ
ಇರುವೆಯ ಸಾಲು.
ಒರೆಸಲು ಬಟ್ಟೆ ತಂದೆ.
ಅತ್ತೆ ಚೀಟಿಯ ಪುಸ್ತಕದಿಂದ ತಲೆ ಎತ್ತದೆ
"ಬುಡು, ಹಳೇ ಗಿರಾಕಿಗಳು" ಅಂದಳು.