ಹದಿನಾಲ್ಕನೇ ಕಾಲಂ

ತುಳಜಾಬಾಯಿ ಬಾಕಳೆ ಬಂದದ್ದು ಗದುಗಿನ ಆಷಾಢದ ಗಾಳಿಯಲ್ಲಿ,
ಟಿ.ಸಿ. ಹಾರಿಹೋದೀತೆಂದು
ಬೈಂಡಿಂಗಿನ ಎರಡು ರಟ್ಟಿನ ನಡುವೆ ಇಟ್ಟು ದಾರ ಸುತ್ತಿಕೊಂಡು.
ಕೆಳಗಿನ ಪ್ರೆಸ್ಸಿನಲ್ಲಿ ಶಾಲೆಗಳ ಹಾಜರಿ ಪುಸ್ತಕ ಅಚ್ಚಾಗುತ್ತಿದ್ದವು,
ನನ್ನ ಮೇಜು ಸಣ್ಣಗೆ ನಡುಗುತ್ತಿತ್ತು.

"ಹದಿನಾಲ್ಕನೇ ಕಾಲಂ ನೋಡ್ರಿ ವಕೀಲ್ರ."
ನಡತೆ: ತೃಪ್ತಿಕರವಲ್ಲ.
"ಬಾಕೀದೆಲ್ಲಾ ಖರೇ ಐತ್ರಿ, ಹುಟ್ಟಿದ ತಾರೀಕು, ಜಾತಿ, ನಮ್ಮನಿಯವರ ಹೆಸರು.
ಆ 'ವಲ್ಲ' ಅಷ್ಟ ತೆಗಸಿಕೊಡ್ರಿ."
'ವಲ್ಲ' ಓದಿ ಆಗಲೇ ಎರಡು ಕಾಲೇಜು ವಲ್ಲೆವು ಅಂದಿದ್ದವು.

ಮಗಳು ಸ್ನೇಹಲ ಬಾಗಿಲಲ್ಲೇ ನಿಂತಿದ್ದಳು.
ಮಾಡಿದ್ದಿಷ್ಟು:
ಹೆಣ್ಣುಮಕ್ಕಳ ಶೌಚಾಲಯಕ್ಕೆ ಕೀಲಿ ಯಾಕೆ ಅಂತ ಅರ್ಜಿ ಬರೆದು,
ನಲವತ್ತೊಂದು ಸಹಿ ಹಾಕಿಸಿ,
ಬಿ.ಇ.ಓ. ಕಚೇರಿಯ ಡಬ್ಬಿಗೆ ಹಾಕಿದ್ದು.
ಸಂಸ್ಥೆಯ ನೋಟಿಸಿನ ಭಾಷೆಯಲ್ಲಿ, ಗುಂಪು ಕಟ್ಟಿದ್ದು.
ನಲವತ್ತು ಪಾಲಕರು ಹೋಗಿ ತಪ್ಪೊಪ್ಪಿಗೆ ಬರೆದುಕೊಟ್ಟರು.
"ಅವತ್ತ ರಜಾ ಸಿಗಲಿಲ್ರಿ. ಸಿಕ್ಕಿದ್ರ ನಾನೂ ಬರದು ಕೊಡ್ತಿದ್ನೋ ಏನೋ"
ಅಂದರು ತುಳಜಾಬಾಯಿ.
ಅದನ್ನು ನಾನು ದೂರಿನಲ್ಲಿ ಬರೆಯಲಿಲ್ಲ.

ವಕಾಲತ್ತಿಗೆ ಸಹಿ ಮಾಡುವಾಗ
ಬೆರಳಿನ ಮೈದಾ ಅಂಟಿಗೆ ಹಾಳೆಯೇ ಎದ್ದುಬಂತು.
ನಾನು ಟೈಪ್ ಮಾಡಿದ್ದನ್ನು ಸ್ನೇಹಲ ಓದಿ
'ಶೌಚಲಯ'ಕ್ಕೆ ಪೆನ್ಸಿಲಿನಿಂದ ದೀರ್ಘ ಕೊಟ್ಟಳು,
ಐದು ಕಡೆ.

ಅವರಿಗೆ ಹೇಳದೆ ಉಳಿದದ್ದು:
ಅದೇ ಶಾಲೆಯಲ್ಲಿ ನಾನೂ ಕಲಿತವಳು.
ಆಗಲೂ ಆ ಬಾಗಿಲಿಗೆ ಕೀಲಿ.
ಮುಂಜಾನೆ ಚಹಾ ಬಿಟ್ಟು, ಮಧ್ಯಾಹ್ನ ನೀರಿಲ್ಲದೆ ರೊಟ್ಟಿ ನುಂಗಿ,
ಸಂಜೆ ಗಂಟೆ ಹೊಡೆದದ್ದೇ ಬೆಟಗೇರಿಯ ತನಕ ತುಟಿ ಕಚ್ಚಿ ಓಡಿದವಳು.
ನನ್ನ ಟಿ.ಸಿ. ಕಪಾಟಿನಲ್ಲಿದೆ.
ನಡತೆ: ಅತ್ಯುತ್ತಮ.

ವಿಚಾರಣೆ ಉಪನಿರ್ದೇಶಕರ ಕೋಣೆಯಲ್ಲಿ.
ನನಗೆ ಬೀಜಗಣಿತ ಕಲಿಸಿದ ಮುಳಗುಂದಮಠ ಸರ್ ಈಗ ಹೆಡ್‌ಮಾಸ್ತರು.
"ಏನವಾ, ಚಲೋ ಇದ್ದೀ?" ಅಂದರು.
ಕರೀ ಕೋಟಿನವಳು, ಎದ್ದು ನಿಂತುಬಿಟ್ಟೆ.
ಮತ್ತೆ ಕೂಡಲು ಸ್ವಲ್ಪ ಹೊತ್ತು ಹಿಡಿಯಿತು.

"ಕೀಲಿಕೈ ನನ್ನ ಕೋಣ್ಯಾಗ ಗೂಟಕ್ಕ ಇರ್ತಿತ್ರಿ. ಕೇಳಿದ್ರ ಕೊಡ್ತಿದ್ವಿ."
ಸಾಕ್ಷಿಗೆಂದು ತೆಗೆದು ಫೈಲಿನ ಮೇಲಿಟ್ಟರು.
"ಸರ್, ಇಷ್ಟು ವರ್ಷದಲ್ಲಿ ಎಷ್ಟು ಹುಡುಗಿಯರು ಕೇಳಿದರು?"
ಅವರು ನನ್ನ ಮುಖ ನೋಡಿದರು.
ಲೆಕ್ಕದ ಮಾಸ್ತರು, ಉತ್ತರ ಗೊತ್ತಿತ್ತು.
ಜವಾನ ಕೀಲಿಕೈ ಎತ್ತಿದಾಗ
ಫೈಲಿನ ಮೇಲೆ ಅದರದೇ ಆಕಾರದ ಜಂಗು.

ಹದಿನೇಳನೇ ದಿನಕ್ಕೆ ಟಿ.ಸಿ. ತಿರುಗಿ ಬಂತು,
'ವಲ್ಲ'ದ ಮೇಲೆ ವೈಟ್ನರ್ ಹಚ್ಚಿಕೊಂಡು.
ಗೆದ್ದೆವು ಅಂತ ನಾನು ಪೇಢೆ ತರಿಸುವಷ್ಟರಲ್ಲಿ
ತುಳಜಾಬಾಯಿ ಹಾಳೆಯನ್ನು ಕಿಟಕಿಗೆ ಹಿಡಿದರು.
"ಸುಣ್ಣಾ ಬಳದಾರ್ರಿ. ಹಾಳಿ ಬದಲಿ ಮಾಡಿಲ್ಲ."
ಬೆಳಕಿನಲ್ಲಿ ಎರಡೂ ಅಕ್ಷರ ಹಾಗೇ ಕೂತಿದ್ದವು.

ಸ್ನೇಹಲ ಮೇಜಿನ ಮೇಲಿನ ತಂಬಿಗೆ ಎತ್ತಿ ಗಟಗಟ ಕುಡಿದು,
ಬಾಯಿ ಒರೆಸಿಕೊಂಡು, "ಹೊಸಾದ ಬೇಕ್ರಿ" ಅಂದಳು.

ಸಾಕ್ಷಿ ಹೇಳುವವಳು ವಕಾಲತ್ತು ಹಿಡಿಯಬಾರದು.
ಮೊದಲ ದಿನದಿಂದಲೂ ಈ ನಿಯಮದ ಹಿಂದೆಯೇ ಕೂತಿದ್ದೆ,
ನೆರಳು ಚಲೋ ಇತ್ತು.
ಆ ಸಂಜೆ ವಕಾಲತ್ತನ್ನು ಜೂನಿಯರ್ ಶಕುಂತಲಾ ಹೆಸರಿಗೆ ಬರೆಸಿ,
ಸಾಕ್ಷಿಗಳ ಪಟ್ಟಿಯ ಮೊದಲ ಸಾಲಿನಲ್ಲಿ
ನನ್ನ ಹೆಸರು, ನನ್ನ ಓಣಿ, ನಾನು ಪಾಸಾದ ವರ್ಷ ಹಾಕಿ
ಸ್ನೇಹಲಳ ಕೈಗೆ ಕೊಟ್ಟೆ,
ಒಮ್ಮೆ ದೀರ್ಘ ಎಲ್ಲಾ ನೋಡು ಅಂತ.