ಚುಚ್ಚುಗೋಲು

ಕುಟ್ಟದಲ್ಲಿ ಬೆಳಗಿನ ಐದೂಮುಕ್ಕಾಲು. ಜೀಪಿನ ಸೀಟು ಒದ್ದೆ.
ಆರು ಜನ, ಮೂರು ಕ್ಯಾಮೆರಾ, ಒಂದೇ ಪ್ರಶ್ನೆ:
"ಹುಲಿ ಗ್ಯಾರಂಟಿನಾ?"

ಗ್ಯಾರಂಟಿ ಅಂದರೆ ನನಗೆ ಇವತ್ತಿಗೂ
ಮೊಣಕಾಲೂರಿ ಕೂತು, ಓರೆಯಾಗಿ
ನೆಲದೊಳಕ್ಕೆ ಮೆಲ್ಲಗೆ ಇಳಿಸುವ ಕಬ್ಬಿಣದ ಕೋಲು.
ಎರಡು ಬೆರಳಿಗೊಮ್ಮೆ ಚುಚ್ಚು. ಕಾಯಿ. ಮತ್ತೆ ಚುಚ್ಚು.
ಇಡೀ ದಿನಕ್ಕೆ ಒಂದು ಚಾಪೆ ಹಾಸುವಷ್ಟು ಜಾಗ.
ಗ್ಯಾರಂಟಿ ಅಷ್ಟಕ್ಕೇ.

ಮೊಜಾಂಬಿಕ್. ನೀಲಿ ಟೋಪಿ ಕೊಟ್ಟು ಕಳಿಸಿದ್ದರು.
ಅವರವರೇ ಕಾದಾಡಿ ಮುಗಿಸಿದ ಕಾಡು.
ಟಿಕೆಟ್ ಕಿಟಕಿಯಲ್ಲಿ ಗುಂಡಿನ ತೂತು, ತೂತಿನಲ್ಲಿ ಜೇಡ.
ಜೀಬ್ರಾವನ್ನು ಸಿಪಾಯಿಗಳು ತಿಂದಿದ್ದರು. ಕಾಡೆಮ್ಮೆಯನ್ನೂ.
ಒಂದಾನೆಯ ದಂತ ಗುಂಡಾಗಿ ಬಂದು
ಇನ್ನೊಂದಾನೆಗೆ ಹೊಕ್ಕಿತ್ತು.
ದಂತವಿದ್ದವು ಹೋದವು. ಇಲ್ಲದ ಹೆಣ್ಣುಗಳು ಉಳಿದವು,
ಅವುಗಳ ಹೆಣ್ಣುಮರಿಗೂ ಬರಲಿಲ್ಲ.
ನನ್ನ ಹಿಂದೆ ಬಿಳಿ ಕಡ್ಡಿ, ಕೆಂಪು ಕಡ್ಡಿ ನೆಡುತ್ತ ಬಂದ
ಅರ್ಮಿಂಡಾ ಹೇಳಿದ್ದಳು:
"ಬುದ್ಧಿವಂತಿಕೆ ಅಲ್ಲ ಸಾರ್ಜೆಂಟ್. ಉಳಿದದ್ದು ಅಷ್ಟೇ."

"ಅಯ್ಯೋ, ದಂತಾನೇ ಇಲ್ವಲ್ಲ!" ಹಿಂದಿನ ಸೀಟು.
ಹಡ್ಲಿನ ಅಂಚಿನಲ್ಲಿ ಮಣ್ಣೆರಚಿಕೊಳ್ಳುವ ತಾಯಾನೆ.
ನಮ್ಮಲ್ಲಿ ಹೆಣ್ಣಿಗೆ ಇರಲ್ಲ ಮೇಡಂ, ಹುಟ್ಟಿನಿಂದಲೇ ಹಾಗೆ,
ಯಾರೂ ಏನೂ ಮಾಡಿದ್ದಲ್ಲ, ಎನ್ನುತ್ತೇನೆ.
ಹೇಳುವಾಗ ಕೈ ಗೇರಿನ ಮೇಲೆ ಬಿಗಿಯುತ್ತದೆ.
ಅಲ್ಲಿ ಇಂಜಿನ್ ಸದ್ದಿಗೆ ಹಿಂಡೇ ಮೈಮೇಲೆ ಬರುತ್ತಿತ್ತು,
ಲಾರಿಯೆಂದರೆ ಕೋವಿ ಎಂದು ಮರಿಗೂ ಕಲಿಸಿಟ್ಟಿದ್ದವು.
ಇದೋ, ಕಿವಿ ಬೀಸಿಕೊಂಡು, ನಮ್ಮನ್ನು ಲೆಕ್ಕಕ್ಕಿಡದೆ
ಲಂಟಾನದೊಳಗೆ ನಡೆಯಿತು.

ಪಕ್ಕದಲ್ಲಿ ಗೈಡು ಬೊಮ್ಮ. ಶರ್ಟು ಇಲಾಖೆಯದು, ಕಾಲು ಅವನದೇ.
ಹೋದ ಬೇಸಿಗೆ ಟೈರು ಕೆಟ್ಟು ನಿಂತೆವು.
ಜ್ಯಾಕ್ ಹಿಡಿದು ಇಳಿದೆ.
"ಅಲ್ಲಿ ಕಾಲಿಡಬ್ಯಾಡಿ ಸುಬೇದಾರ್ರೆ."
ಬಲಗಾಲು ಗಾಳಿಯಲ್ಲೇ ನಿಂತಿತು.
ಇಪ್ಪತ್ತೆಂಟು ವರ್ಷದ ಹಿಂದಿನ ಬೆವರು ಬೆನ್ನಿಗೆ ಬಂತು.
"ನಮ್ಮವ್ವನ್ನ ಮಲಗಿಸಿದ್ದು ಅಲ್ಲೇ. ಹಾಡಿ ಇತ್ತು ಇಲ್ಲಿ,
ಹದಿಮೂರು ಗುಡಿಸಲು. ಆ ಹಲಸು ನಮ್ಮದು."
ಲಾರಿ ಬಂತಂತೆ, ಪಾತ್ರೆ ಪಗಡ ಹತ್ತಿಸಿಕೊಂಡಿತಂತೆ.
ಮಳೆ ಬಂದುಹೋದದ್ದನ್ನು ಹೇಳುವವನ ಹಾಗೆ ಹೇಳಿದ.
ಕಲ್ಲಿಲ್ಲ. ಕಡ್ಡಿಯಿಲ್ಲ, ಬಿಳಿಯದೂ ಕೆಂಪಿನದೂ.
ಚಪ್ಪಟೆ ಟೈರಿನಲ್ಲೇ ಜೀಪನ್ನು ಮೂರು ಮಾರು ಆಚೆ ತಳ್ಳಿದೆವು.
ಪ್ರವಾಸಿಗಳಿಗೆ, ಹಾವಿನ ಬಿಲ ಇದೆ ಅಂದೆ.
ಒಬ್ಬ ಫೋಟೋ ತೆಗೆದುಕೊಂಡ.

ಅರ್ಮಿಂಡಾ ಈಗ ಫೋನಿನಲ್ಲಿ ಸಿಗುತ್ತಾಳೆ.
ಮಗಳು ಅಲ್ಲೇ ಸಫಾರಿ ಗಾಡಿ ಓಡಿಸುತ್ತಾಳಂತೆ.
ಬೇರೆ ಕಾಡಿನಿಂದ ಲಾರಿಯಲ್ಲಿ ಕಾಡೆಮ್ಮೆ ತಂದರಂತೆ;
ಬಾಗಿಲು ತೆರೆದರೂ ಅರ್ಧ ಗಂಟೆ ಇಳಿಯದೆ
ನೆಲವನ್ನೇ ಮೂಸುತ್ತ ನಿಂತವಂತೆ.
ಆನೆಗಳು ಈಗ ನಿಂತು ನೋಡುತ್ತವೆ,
ಒಬ್ಬ ಅಜ್ಜಿಯನ್ನು ಬಿಟ್ಟು.

ಕೈಲ್‌ಪೊಳ್ದಿನಂದು ಕೋವಿಯ ಪಕ್ಕ ಚುಚ್ಚುಗೋಲನ್ನೂ ಇಟ್ಟು
ತೋಕ್‌ಪೂ ಮುಡಿಸುತ್ತೇನೆ. ಮನೆಯವಳು ನಗುತ್ತಾಳೆ,
ಏನನ್ನೂ ಕೊಲ್ಲದ ಆಯುಧಕ್ಕೆ ಎಂಥ ಪೂಜೆ ಎಂದು.

ಹಲಸು ಈ ವರ್ಷವೂ ಬಿಟ್ಟಿದೆ.
ಆನೆ ತಿಂದರೆ ಸುದ್ದಿ, ಬೊಮ್ಮ ಕಿತ್ತರೆ ಕೇಸು.
ಆ ತಿರುವಿನಲ್ಲಿ ಗಾಡಿ ನಿಧಾನಿಸುತ್ತೇನೆ,
ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಾನೆ.
ಹುಲಿಯೇ ಕಂಡಿತೆಂದು
ಆರೂ ಜನ ಎದ್ದು ನಿಲ್ಲುತ್ತಾರೆ.